ಐದು ಮಾದರಿ ಗೋಡೆಗಳು

ನವೆಂಬರಿನಿಂದ ಆಂಬ್ರೋಸ್ ಕೆರಿಸನ್‌ನ ಅಂಗಿಯ ಗುಂಡಿಗಳನ್ನು ಅವನ ಹೆಂಡತಿ ಹೆಸ್ಟರ್ ಹಾಕುತ್ತಿದ್ದಳು. ಮನೆಯ ಹೊರಗೆ ಇದು ಯಾರಿಗೂ ಗೊತ್ತಿರಲಿಲ್ಲ. ನಾರಿಚ್‌ನ ವೈದ್ಯರು ಅವನ ಹತ್ತು ಬೆರಳುಗಳ ತುದಿಗೂ ಸೂಜಿ ಮುಟ್ಟಿಸಿ, ಈಗ ಯಾವ ಬೆರಳು ಎಂದು ಒಂದೊಂದಾಗಿ ಕೇಳಿದ್ದರು. ಅವನು ಕಣ್ಣು ಮುಚ್ಚಿಕೊಂಡು ಉತ್ತರ ಹೇಳಿದ. ಎಲ್ಲವೂ ತಪ್ಪಾಗಿದ್ದವು. ಕತ್ತಿನ ಹತ್ತಿರ ನರಗಳು ಕೆಟ್ಟಿವೆ, ಇನ್ನು ಸರಿಹೋಗುವುದಿಲ್ಲ, ಹೆಚ್ಚಾಗದಿದ್ದರೆ ಅದೇ ಪುಣ್ಯ ಎಂದು ವೈದ್ಯರು ಹೇಳಿದರು. ಹೆಸ್ಟರ್ ಆ ಮಾತನ್ನು ಕೇಳಿಸಿಕೊಂಡಳು. ಅಳು ಬರಲಿಲ್ಲ. ಹಿಂತಿರುಗುವಾಗ ಬೇಕರಿ ಮುಚ್ಚುವುದರೊಳಗೆ ಬ್ರೆಡ್ ಕೊಳ್ಳಬೇಕು ಎನ್ನುವುದು ನೆನಪಾಯಿತು, ಕೊಂಡಳು.

ಬೇರೆ ವಾಸ್ತುಶಿಲ್ಪಿಗಾದರೆ ಇದು ಇಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ನಕ್ಷೆ ಬರೆಯಲು ಕಚೇರಿಯಲ್ಲಿ ನಾಲ್ಕು ಜನ ಇದ್ದರು. ಆದರೆ ಆಂಬ್ರೋಸ್‌ನ ಹೆಸರಿದ್ದದ್ದೇ ಕೈಯಲ್ಲಿ.

ಚಪ್ಪಲಿ ಕಾರ್ಖಾನೆಯ ಗುಮಾಸ್ತನ ಮಗನಾದ ಅವನು ಇಪ್ಪತ್ತೆಂಟರ ವಯಸ್ಸಿನಲ್ಲಿ ಸಮುದ್ರದ ದಂಡೆಯ ಮೇಲೆ ಒಂದು ಬಿಳಿ ಮನೆ ಕಟ್ಟಿದ್ದ. ಚಪ್ಪಟೆ ಛಾವಣಿ, ಗೋಡೆಯುದ್ದಕ್ಕೂ ಕಿಟಕಿ. ಯಾವುದೋ ಹಡಗು ದಾರಿತಪ್ಪಿ ದಡ ಹತ್ತಿದೆ ಎಂದು ಊರಿನವರು ನಗುತ್ತಿದ್ದರು. ನಗೆಪಾಟಲಾದದ್ದು ಅವನಿಗೆ ಏನೂ ಅನ್ನಿಸಲಿಲ್ಲ. ಮೂರನೆಯ ಚಳಿಗಾಲದಲ್ಲಿ ಬಿಳಿ ಗಾರೆ ಸಿಪ್ಪೆಯ ಹಾಗೆ ಎದ್ದು, ಒಳಗಿನ ಮಾಮೂಲಿ ಇಟ್ಟಿಗೆ ಕಾಣಿಸಿಕೊಂಡಾಗ ಮಾತ್ರ ಅವನು ಎರಡು ದಿನ ಊಟ ಬಿಟ್ಟ. ಕಾಂಕ್ರೀಟಿನ ವೇಷ ಹಾಕಿದ ಇಟ್ಟಿಗೆ ಮನೆ ಅದು. ನನ್ನ ಗೋಡೆ ಸುಳ್ಳು ಹೇಳಿತು ಎಂದ. ಮುಂದೆ ಅವನು ಕಟ್ಟಿದ ಯಾವ ಗೋಡೆಗೂ ಗಾರೆಯಿಲ್ಲ, ಬಣ್ಣವಿಲ್ಲ. ಸಫೋಕ್ ದಂಡೆಯ ಚಕಮಕಿ ಕಲ್ಲನ್ನೇ ಜಲ್ಲಿಯಾಗಿ ಬೆರೆಸಿ ಕಾಂಕ್ರೀಟು ಸುರಿಸುವುದು, ಅದು ಇನ್ನೂ ಹಸಿಯಾಗಿರುವಾಗಲೇ ಸೆಂಟ್ರಿಂಗ್ ಹಲಗೆ ಬಿಚ್ಚಿಸಿ ಗಟ್ಟಿ ಬ್ರಶ್ಶಿನಿಂದ ಮೈ ಉಜ್ಜಿಸುವುದು. ಮೇಲಿನ ಸಿಮೆಂಟು ತೊಳೆದುಹೋಗಿ ಕಲ್ಲು ಕಣ್ಣು ಬಿಡುತ್ತಿತ್ತು. ಯಾವ ಗಳಿಗೆಯಲ್ಲಿ ಉಜ್ಜಬೇಕು ಎನ್ನುವುದರಲ್ಲೇ ಗುಟ್ಟೆಲ್ಲ ಇತ್ತು. ಆ ಗಳಿಗೆಯನ್ನು ಹಿಡಿಯಲು ಅವನು ಮೊದಲು ಮಾದರಿ ಗೋಡೆಗಳನ್ನು ಮಾಡಿಸುತ್ತಿದ್ದ. ಐದು ಗೋಡೆಗಳು, ಒಂದೊಂದೂ ಆಳೆತ್ತರ, ಐದು ಬಗೆಯಲ್ಲಿ ಉಜ್ಜಿದವು. ಕಣ್ಣು ಮುಚ್ಚಿಕೊಂಡು ಐದರ ಮೇಲೂ ಕೈಯಾಡಿಸಿ ಒಂದನ್ನು ಆರಿಸುತ್ತಿದ್ದ. ಕಣ್ಣು ಚೆಂದಕ್ಕೆ ಮರುಳಾಗುತ್ತದೆ ಎಂದು ಅವನ ನಂಬಿಕೆ. ಆರಿಸಿದ್ದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತನ್ನ ಹೆಸರಿನ ಅಕ್ಷರ ಬರೆಯುತ್ತಿದ್ದ. ಉಳಿದ ನಾಲ್ಕನ್ನು ಆ ದಿನವೇ ಸುತ್ತಿಗೆಯಿಂದ ಒಡೆಸುತ್ತಿದ್ದ, ಆಮೇಲೆ ಯಾರೂ ತಕರಾರು ತೆಗೆಯಬಾರದು ಎಂದು.

ಹಿಂದೆ ಒಂದು ಊರಿನವರು ಅವನಿಗೆ ತಿಳಿಸದೆ ಅವನ ಶಾಲೆಯ ಒಂದು ಗೋಡೆಗೆ ಗಾರೆ ಮೆತ್ತಿಸಿದ್ದರು. ಅಂದಿನಿಂದ ಅವನ ಒಪ್ಪಂದಗಳಲ್ಲೆಲ್ಲ ಒಂದು ಮಾತು ಸೇರಿತು. ಗುರುತು ಬಿದ್ದ ಮಾದರಿ ಕಟ್ಟಡ ಮುಗಿಯುವ ತನಕ ಅಲ್ಲೇ ನಿಲ್ಲತಕ್ಕದ್ದು, ಕಟ್ಟಡದ ಪ್ರತಿಯೊಂದು ಗೋಡೆಯೂ ಅದರಂತೆಯೇ ಇರತಕ್ಕದ್ದು, ವಾಸ್ತುಶಿಲ್ಪಿ ಬದಲಾದರೂ ಇದು ಬದಲಾಗತಕ್ಕದ್ದಲ್ಲ. ಈ ವಾಕ್ಯವನ್ನು ಬರೆದುಕೊಟ್ಟವಳು ಹೆಸ್ಟರ್. ಅವಳೂ ಅವನ ಜೊತೆಯಲ್ಲೇ ಓದಿ ಪರೀಕ್ಷೆ ಪಾಸು ಮಾಡಿ ವಾಸ್ತುಶಿಲ್ಪಿಯಾಗಿ ಹೆಸರು ನೋಂದಾಯಿಸಿದ್ದಳು. ಮದುವೆಯಾದ ಮೇಲೆ ಕಚೇರಿಯ ಪತ್ರಗಳನ್ನು ಬರೆದಳು.

ಸಾವಿರದ ಒಂಬೈನೂರ ಅರವತ್ತೇಳರ ಫೆಬ್ರುವರಿಯ ಒಂದು ಗುರುವಾರ ಅವರಿಬ್ಬರೂ ಕಾರಿನಲ್ಲಿ ಸಮುದ್ರ ದಂಡೆಯ ಒಂದು ಊರಿಗೆ ಹೊರಟದ್ದು ಅಲ್ಲಿನ ಹೊಸ ಗ್ರಂಥಾಲಯದ ಮಾದರಿ ಆರಿಸಲು. ಕಾರು ನಡೆಸುತ್ತಿದ್ದವಳು ಹೆಸ್ಟರ್. ಅದು ಅವನ ಕೊನೆಯ ಕಟ್ಟಡ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ನಗರಸಭೆಯ ಪರವಾಗಿ ಅಲ್ಲಿ ಕೆಲಸದ ಉಸ್ತುವಾರಿ ನೋಡುತ್ತಿದ್ದ ಜೆಕ್ಸ್ ಎಂಬಾತ ಶರತ್ಕಾಲದಿಂದಲೂ ಪತ್ರದ ಮೇಲೆ ಪತ್ರ ಹಾಕುತ್ತಿದ್ದ. ಈ ಬ್ರಶ್ಶಿನ ಕೆಲಸಕ್ಕೆ ಬಹಳ ದಿನ ಹಿಡಿಯುತ್ತದೆ, ಕಾರ್ಖಾನೆಯಲ್ಲಿ ಎರಕ ಹೊಯ್ದ ನುಣ್ಣನೆಯ ಕಾಂಕ್ರೀಟು ಹಲಗೆಗಳನ್ನು ತಂದು ನಿಲ್ಲಿಸಿದರೆ ಗ್ರಂಥಾಲಯ ಒಂದು ವರ್ಷ ಮೊದಲೇ ತೆರೆಯಬಹುದು. ಅವನ ಪತ್ರಗಳು ಮರ್ಯಾದೆಯಿಂದಲೇ ಇರುತ್ತಿದ್ದವು. ಹೆಸ್ಟರ್‌ಗೆ ಹೆದರಿಕೆಯಾಗುತ್ತಿದ್ದದ್ದು ಆ ಮರ್ಯಾದೆಯಿಂದಲೇ. ಆಂಬ್ರೋಸ್‌ನ ಕೈಯ ವಿಷಯ ಗೊತ್ತಾದರೆ ಕೆಲಸ ಇನ್ನೊಬ್ಬರ ಪಾಲಾಗುವುದು ಖಂಡಿತ. ಆದರೆ ಅದಕ್ಕೆ ಮೊದಲು ಸರಿಯಾದ ಮಾದರಿಗೆ ಗುರುತು ಬಿದ್ದುಬಿಟ್ಟರೆ, ಮುಂದೆ ಯಾರೇ ಬರಲಿ, ಗೋಡೆ ಅವನದೇ ಆಗಿರುತ್ತದೆ. ಇದಿಷ್ಟನ್ನೂ ಅವಳು ಮನಸ್ಸಿನಲ್ಲಿ ಹಲವು ಸಲ ಲೆಕ್ಕ ಹಾಕಿನೋಡಿದ್ದಳು.

"ನಿನಗೆ ಸರಿ ಅನ್ಸಿದ್ದರ ಹತ್ರ ನನ್ನ ಮೊಣಕೈ ಮುಟ್ಟು. ಅಷ್ಟು ಸಾಕು," ಎಂದ ಆಂಬ್ರೋಸ್, ರಸ್ತೆ ನೋಡುತ್ತ.

"ನಾನು ಕಣ್ಣಲ್ಲಿ ನೋಡಿ ಹೇಳ್ಬೇಕಷ್ಟೆ. ನಿನ್ನ ಕೈ ನನಗಿಲ್ಲ."

"ಮೂವತ್ತು ವರ್ಷ ಪಕ್ಕದಲ್ಲೇ ನಿಂತಿದ್ದೀಯಲ್ಲ."

"ನಿಂತಿದ್ದೆ. ಏನು ಬರೀಬೇಕು ಅಂತ ಯೋಚನೆ ಮಾಡ್ತಾ ನಿಂತಿದ್ದೆ."

ಅವನು ನಕ್ಕನೋ ಏನೋ. ಅವಳು ತಿರುಗಿ ನೋಡಲಿಲ್ಲ, ಎದುರಿಗೆ ಬೀಟ್‌ರೂಟು ತುಂಬಿದ ಲಾರಿಯೊಂದು ಬರುತ್ತಿತ್ತು.

ಕೆಲಸದ ಜಾಗದಲ್ಲಿ ಮೇಸ್ತ್ರಿ ಅಟಿಂಗ್ ಕಾಯುತ್ತಿದ್ದ. ಯುದ್ಧ ಮುಗಿದ ಕಾಲದಲ್ಲಿ ಆಂಬ್ರೋಸ್ ಕಟ್ಟಿದ ಶಾಲೆಯೊಂದರಲ್ಲಿ ಅವನು ಗಾರೆ ಕಲಸುತ್ತಿದ್ದವನು. ಕಾರಿಡಾರೇ ಇಲ್ಲದ, ಪ್ರತಿ ತರಗತಿಯೂ ನೇರ ತೋಟಕ್ಕೆ ತೆರೆದುಕೊಳ್ಳುವ ಶಾಲೆ ಅದು. ಮಕ್ಕಳಿಗೆ ನೆಗಡಿಯಾಗುತ್ತದೆ ಎಂದು ತಾಯಂದಿರು ಜಗಳಕ್ಕೆ ಬಂದಿದ್ದರು, ಮುಂದೆ ಅದನ್ನು ನೋಡಲು ಡೆನ್ಮಾರ್ಕಿನಿಂದ ಜನ ಬಂದರು. ಅಟಿಂಗ್ ತನ್ನ ಕೂಲಿಯವರಿಗೆ ಈ ಕಥೆಯನ್ನೆಲ್ಲ ಹೇಳಿಟ್ಟಿದ್ದನೆಂದು ಕಾಣುತ್ತದೆ. ಆರೇಳು ಜನ ಕೆಲಸ ಬಿಟ್ಟು, ಟೀ ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಯಜಮಾನರು ನಿಮ್ಮನ್ನೂ ಮುಟ್ಟಿ ನೋಡಿ ಒಡೆಸಿಬಿಟ್ಟಾರು, ಸ್ವಲ್ಪ ದೂರ ನಿಲ್ಲಿ ಎಂದು ಅಟಿಂಗ್ ಅವರನ್ನು ರೇಗಿಸಿದ. ಜೆಕ್ಸ್ ಕೆಲಸದ ದಿನಚರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಹ್ಯಾಟು ತೆಗೆದು ನಮಸ್ಕರಿಸಿದ. ವಯಸ್ಸು ನಲವತ್ತು ಇರಬಹುದು, ಮೂಗು ಚಳಿಗೆ ಕೆಂಪಾಗಿತ್ತು.

ಗೋಣಿತಾಟು ತೆಗೆದರು. ಆಂಬ್ರೋಸ್ ದೂರದಿಂದಲೂ ನೋಡಬಾರದೆಂದು ಬೆನ್ನು ಮಾಡಿ ನಿಂತಿದ್ದ, ಅದೂ ಅವನ ಪದ್ಧತಿ. ಹೆಸ್ಟರ್ ಕೈಗವಸು ಬಿಚ್ಚಿ ಐದನ್ನೂ ಬೇಗ ಬೇಗ ನೋಡಿದಳು, ಅಲ್ಲಲ್ಲಿ ಉಗುರಿನಿಂದ ಕೆರೆದು ನೋಡಿದಳು. ಮೊದಲನೆಯದನ್ನು ತಡವಾಗಿ ಉಜ್ಜಿದ್ದರು, ಕಲ್ಲೇ ಕಾಣಿಸುತ್ತಿರಲಿಲ್ಲ. ಎರಡನೆಯದನ್ನು ಸೋಮವಾರದ ಹಿಮ ಹಿಡಿದಿತ್ತು, ಮೈಯೆಲ್ಲ ಬೂದಿ ಬಳಿದಂತೆ ಪುಡಿಪುಡಿ. ಮೂರನೆಯದರ ಬಣ್ಣ ಕಪ್ಪು. ನಾಲ್ಕನೆಯದರಲ್ಲಿ ಕಲ್ಲುಗಳೆಲ್ಲ ಎದ್ದು ನಿಂತು, ಒಂದೊಂದರ ಪಕ್ಕಕ್ಕೂ ಸಣ್ಣದೊಂದು ನೆರಳು ಬಿದ್ದಿತ್ತು. ಐದನೆಯದು ಅಂಥದ್ದೇ ಆದರೂ ಮಂಕು. ನಾಲ್ಕು ಎಂದುಕೊಂಡಳು. ಅದನ್ನು ಆರಿಸಲು ಅವಳಿಗೆ ಕಷ್ಟವೇನೂ ಆಗಲಿಲ್ಲ.

ಆಂಬ್ರೋಸ್ ಕಣ್ಣು ಮುಚ್ಚಿಕೊಂಡು ಬಂದ. ಅವಳು ಅವನ ಎಡಕ್ಕೆ ಅಂಟಿಕೊಂಡು ನಡೆದಳು. ಅವನ ಅಂಗೈ ಒಂದನೆಯ ಗೋಡೆಯ ಮೇಲೆ ಇಳಿಯಿತು, ಎರಡನೆಯದರ ಮೇಲೆ ಇಳಿಯಿತು, ಅಲ್ಲಿ ಸ್ವಲ್ಪ ತಡೆಯಿತು. ಮೂರು ದಾಟಿತು. ನಾಲ್ಕರಲ್ಲಿ ಅವಳು ಮೊಣಕೈ ಮುಟ್ಟಿದಳು. ಗೊತ್ತಾಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದಳು. ಮೊಣಕೈಗೆ ಸ್ಪರ್ಶ ಇತ್ತು, ಅವನು ತಲೆಯನ್ನು ಒಂದಿಷ್ಟು ಅವಳ ಕಡೆಗೆ ವಾಲಿಸಿದ. ಆದರೂ ನಿಲ್ಲದೆ ಐದಕ್ಕೆ ಹೋದ. ಅಲ್ಲಿಂದ ತಿರುಗಿ, ಕಣ್ಣು ಮುಚ್ಚಿಕೊಂಡೇ, ಹೆಜ್ಜೆ ಎಣಿಸುತ್ತ ಎರಡನೆಯದರ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ಅವಳು ಮೂವತ್ತು ವರ್ಷದಿಂದ ನೋಡಿದ್ದ ಆ ನೆಮ್ಮದಿ ಇತ್ತು. ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು, ಕಣ್ಣು ಬಿಟ್ಟು ಬೆರಳುಗಳನ್ನು ನೋಡಿಕೊಂಡು ಅದನ್ನು ಮುಷ್ಟಿಯಲ್ಲಿ ಹಿಡಿದು, ತನ್ನ ಹೆಸರಿನ ಎರಡು ಅಕ್ಷರಗಳನ್ನು ಬರೆದ. ಗೋಡೆಯ ಪುಡಿಯ ಜೊತೆಗೆ ಸೀಮೆಸುಣ್ಣವೂ ಉದುರಿತು.

ಅಟಿಂಗ್ ಒಂದು ಹೆಜ್ಜೆ ಮುಂದೆ ಬಂದ.

"ಯಜಮಾನ್ರೇ, ಅದಕ್ಕೆ ಹಿಮ ಹೊಡೆದಿದೆ. ಇಡೀ ಲೈಬ್ರರಿ ಹಾಗೇ ಬೇಕು ಅಂದ್ರೆ ನಾನು ಹಿಮಕ್ಕೆ ಆರ್ಡರ್ ಕೊಡ್ಬೇಕಾಗುತ್ತೆ."

ಕೂಲಿಯವರಲ್ಲಿ ಇಬ್ಬರು ನಕ್ಕರು. ತಮಾಷೆಯಲ್ಲ ಎಂದು ಗೊತ್ತಾದೊಡನೆ ಲೋಟದಲ್ಲಿ ಮುಖ ಇಟ್ಟರು. ಆಂಬ್ರೋಸ್‌ನ ಬಲ ಅಂಗೈ ಪೂರ್ತಿ ಬೂದಿಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಉಳಿದವರೆಲ್ಲ ಗಮನಿಸಿದ್ದರು.

ಜೆಕ್ಸ್ ಪುಸ್ತಕ ತೆರೆದ. "ಎರಡನೇದು ಅಂತ ಬರ್ಕೊಳ್ಲಾ, ಕೆರಿಸನ್ ಅವ್ರೇ?" ಎಂದು ಮೆಲ್ಲಗೆ ಕೇಳಿದ.

"ಬರ್ಕೊಳ್ಳಿ," ಎಂದ ಆಂಬ್ರೋಸ್.

ಬರೆದು ಇಬ್ಬರೂ ರುಜು ಹಾಕಿದರೆ ಮುಗಿಯಿತು. ಅಂಥ ಗೋಡೆಯನ್ನು ಯಾರಿಂದಲೂ ಕಟ್ಟಲಾಗುವುದಿಲ್ಲ. ಕಟ್ಟಲಾಗದ ಮಾದರಿಯನ್ನು ತೋರಿಸಿ ನಗರಸಭೆ ಒಪ್ಪಂದವನ್ನೇ ಹರಿಯಬಹುದು, ನುಣ್ಣನೆಯ ಹಲಗೆಗಳು ಲಾರಿಯಲ್ಲಿ ಬರಬಹುದು. ಹೆಸ್ಟರ್‌ಗೆ ಇದೆಲ್ಲ ಬೇರೆ ಯಾರದೋ ವಿಷಯದ ಹಾಗೆ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಜೆಕ್ಸ್‌ನ ಪೆನ್ನಿನ ಮುಂದೆ ಕೈ ಅಡ್ಡ ಹಿಡಿದಳು.

"ಬರೀಬೇಡಿ, ಜೆಕ್ಸ್ ಅವ್ರೇ. ಅವರ ಬೆರಳಿಗೆ ಸ್ಪರ್ಶ ಇಲ್ಲ. ನವೆಂಬರಿನಿಂದಲೇ ಇಲ್ಲ."

ಕಲ್ಲಿದ್ದಲಿನವನಿಗೆ ಈ ವಾರ ಎರಡು ಮೂಟೆ ಸಾಕು ಎಂದು ಹೇಳುವ ದನಿಯಲ್ಲೇ ಹೇಳಿದಳು. ಆಂಬ್ರೋಸ್ ಅವಳನ್ನು ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ. ಕರವಸ್ತ್ರ ತೆಗೆಯಲು ಹೋದವನು ಜೇಬಿನೊಳಗೆ ಅದು ಸಿಗದೆ ಬಿಟ್ಟುಬಿಟ್ಟ. ಕಾರಿನ ಕಡೆಗೆ ನಡೆದ. ಕೂಲಿಯವರು ದಾರಿ ಬಿಟ್ಟರು. ಅವರಲ್ಲೊಬ್ಬ ಟೋಪಿ ತೆಗೆದದ್ದನ್ನು ನೋಡಿ, ಹೆಣ ಹೋಗುವಾಗ ಹೀಗೆ ಮಾಡುತ್ತಾರೆ ಎಂದು ಹೆಸ್ಟರ್‌ಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೆ, ಅದು ಒಳಗೆ ಎಲ್ಲೂ ತಾಗಲಿಲ್ಲ.

ಇದನ್ನು ನಗರಸಭೆಗೆ ತಿಳಿಸದಿರಲು ತನ್ನಿಂದಾಗದು ಎಂದು ಜೆಕ್ಸ್ ಹೇಳಿದ. ಅವಳು ಗೊತ್ತು ಎಂದಳು. ಹಾಗಾದರೆ ಮಾದರಿಯನ್ನು ಇನ್ನೊಮ್ಮೆ, ಹೊಸಬರು ಬಂದ ಮೇಲೆ ನೋಡೋಣ ಎಂದು ಅವನು ಪುಸ್ತಕ ಮುಚ್ಚತೊಡಗಿದ. ಬೇಡ, ಇವತ್ತೇ ಆಗಬೇಕು ಎಂದಳು ಹೆಸ್ಟರ್. ಒಪ್ಪಂದದಲ್ಲಿ ವಾಸ್ತುಶಿಲ್ಪಿ ಅಥವಾ ಅವರ ಕಚೇರಿಯ ನೋಂದಾಯಿತ ಪಾಲುದಾರರು ಎಂದು ಇದೆ, ಆ ಪಾಲುದಾರಳು ತಾನೇ ಎಂದು ನೋಂದಣಿ ಸಂಖ್ಯೆಯನ್ನೂ ಹೇಳಿದಳು. ಜೆಕ್ಸ್ ಒಪ್ಪಂದದ ಪ್ರತಿಯನ್ನು ತರಿಸಿ, ನಿಂತಲ್ಲೇ ಓದಿ, ಹೌದು ಎಂದ. ಅವನು ಬೇಸರಪಟ್ಟಂತೆಯೂ ಕಾಣಲಿಲ್ಲ. ಹೆಸ್ಟರ್ ಆಂಬ್ರೋಸ್‌ನ ಕೈಯಿಂದ ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿಕೊಂಡು ನಾಲ್ಕನೆಯ ಗೋಡೆಯ ಮೇಲೆ ತನ್ನ ಹೆಸರಿನ ಅಕ್ಷರ ಬರೆದಳು. ಗೋಡೆಯೊಂದರ ಮೇಲೆ ಅವಳ ಅಕ್ಷರ ಬಿದ್ದದ್ದು ಅದೇ ಮೊದಲು. ಜೆಕ್ಸ್ ಬರೆದುಕೊಂಡ, ಇಬ್ಬರೂ ರುಜು ಹಾಕಿದರು. ಊಟ ಮುಗಿಸಿ ಉಳಿದದ್ದನ್ನು ಒಡೆಯುತ್ತೇವೆ ಎಂದ ಅಟಿಂಗ್, ಅವಳ ಮುಖ ನೋಡದೆ.

ಹೆಸ್ಟರ್ ಮನೆಯ ಕಡೆಗೆ ಹತ್ತು ಮೈಲಿ ಕಾರು ನಡೆಸಿದಳು. ಕಾಲುವೆಗಳಂಚಿನ ಜೊಂಡು ಹಳದಿಯಾಗಿತ್ತು. ಅವನು ಕೂಗಾಡಲಿ ಎಂದು ಅವಳು ಕಾದಳು, ಕೂಗಾಡಲಿಲ್ಲ. ತನಗೆ ತಪ್ಪು ಮಾಡಿದೆ ಅನ್ನಿಸಲಿ ಎಂದೂ ಕಾದಳು, ಅದೂ ಬರಲಿಲ್ಲ. ಬೆಕಲ್ಸ್‌ನಲ್ಲಿ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿದಳು.

"ಎರಡನೇದು ನಂಗೆ ಗೊತ್ತಾಯ್ತು," ಎಂದ ಅವನು. "ಸುಳ್ಳಲ್ಲ. ಕೈಗೆ ಗೊತ್ತಾಯ್ತು."

"ನಿನಗೆ ಹಾಗನ್ಸಿತು."

"ಹೌದು. ಹಾಗನ್ಸಿತು." ಆಮೇಲೆ ಕೇಳಿದ, "ನೀನು ಗುರುತು ಹಾಕಿದ್ದು ಹೇಗಿತ್ತು?"

ಅವಳು ಹೇಳಿದಳು. ನಿರ್ದಿಷ್ಟವಾಗಿ ಹೇಳುವುದು ಅವಳಿಗೆ ರೂಢಿಯಾಗಿತ್ತು. ಜೇನಿನ ಬಣ್ಣದ ಕಲ್ಲು ಹೆಚ್ಚು, ಕಪ್ಪು ಕಡಿಮೆ, ದೊಡ್ಡ ಕಲ್ಲೆಂದರೆ ಪಾರಿವಾಳದ ಮೊಟ್ಟೆಯಷ್ಟು. ಒಂದರ ಪಕ್ಕ ಒಂದು ಒತ್ತೊತ್ತಾಗಿ ಇದ್ದವು. ಪ್ರತಿ ಕಲ್ಲಿಗೂ ನೆರಳಿತ್ತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ನೆರಳು ಎಂದಾಗ ಕಣ್ಣು ಬಿಟ್ಟ.

"ಕಲ್ಲಿನ ಕೆಳಗೆ ಉಗುರು ಹೋಯ್ತಾ?"

"ಹೋಯ್ತು."

"ಎಷ್ಟು?"

ಅವಳು ನೆನಪು ಮಾಡಿಕೊಂಡಳು. "ಪೂರ್ತಿ. ಕಲ್ಲಿನ ಹೊಟ್ಟೆ ಅಡಿಗೆ ಹೋಗಿ ಸಿಕ್ಕೊಳ್ತು."

"ಹಾಗಿದ್ರೆ ಬೇಗ ಉಜ್ಜಿದ್ದಾರೆ. ಕಲ್ಲು ಅರ್ಧಕ್ಕಿಂತ ಹೆಚ್ಚು ಹೊರಗಿದೆ. ನೋಡೋಕೆ ಚೆನ್ನಾಗಿರುತ್ತೆ, ಇಪ್ಪತ್ತು ಚಳಿಗಾಲಕ್ಕೆ ಉದುರಿಹೋಗುತ್ತೆ. ಐದನೇದು?"

"ಮಂಕಾಗಿತ್ತು. ಕಲ್ಲೆಲ್ಲ ನಿದ್ದೆಗಣ್ಣಲ್ಲಿದ್ದ ಹಾಗೆ."

"ಉಗುರು?"

"ಹೋಗ್ಲಿಲ್ಲ," ಎಂದಳು ಹೆಸ್ಟರ್. ಹೇಳುತ್ತಿರುವಾಗಲೇ ಅವಳಿಗೆ ಗೊತ್ತಾಗಿತ್ತು.

ಬಿದ್ದ ಗುರುತು ಬಿದ್ದದ್ದೇ ಎಂಬ ವಾಕ್ಯ ಅವಳದೇ. ವಾಸ್ತುಶಿಲ್ಪಿ ಬದಲಾದರೂ ಬದಲಾಗತಕ್ಕದ್ದಲ್ಲ. ಯಾವನೋ ಹೊಸಬ ಬರುತ್ತಾನೆ, ಅವಳ ಅಕ್ಷರ ನೋಡಿಕೊಂಡು ಅದರಂತೆ ನಾಲ್ಕು ಮಹಡಿ ಗೋಡೆ ಎಬ್ಬಿಸುತ್ತಾನೆ. ಇಪ್ಪತ್ತು ವರ್ಷಕ್ಕೆ ಅದು ಸಿಪ್ಪೆ ಬಿಡುತ್ತದೆ, ಎಲ್ಲರೂ ಅದನ್ನು ಕೆರಿಸನ್ ಗೋಡೆ ಎನ್ನುತ್ತಾರೆ. ಗಡಿಯಾರ ನೋಡಿದಳು. ಒಂದೂವರೆ ದಾಟಿತ್ತು. ಅಟಿಂಗ್‌ನವರ ಊಟದ ಹೊತ್ತು ಮುಗಿಯುವುದು ಒಂದೂವರೆಗೆ.

ರೈಲು ಇನ್ನೂ ಬಂದಿರಲಿಲ್ಲ. ಅವಳು ಎಂಜಿನ್ ಹಚ್ಚಿ, ಹಿಂದಿದ್ದ ಹಾಲಿನ ವ್ಯಾನಿನವನು ಬೈಯುತ್ತಿದ್ದರೂ ಎರಡು ಸಲ ಹಿಂದೆ ಮುಂದೆ ಮಾಡಿ ಕಾರು ತಿರುಗಿಸಿದಳು.

ಕೆಲಸದ ಜಾಗದ ಗೇಟಿನ ಹೊರಗೇ ಸುತ್ತಿಗೆಯ ಸದ್ದು ಕೇಳಿಸಿತು. ಕಾರಿನ ಬಾಗಿಲು ಹಾಕಿದಳೋ ಇಲ್ಲವೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ನಡೆದುಕೊಂಡೇ ಹೋದೆ ಎಂದುಕೊಂಡಿದ್ದಳು, ಆದರೆ ಅಲ್ಲಿ ನಿಂತಾಗ ಉಸಿರು ಕಟ್ಟುತ್ತಿತ್ತು, ಕಾಲುಚೀಲದ ತುಂಬ ಕೆಸರಾಗಿತ್ತು. ಒಂದು, ಎರಡು, ಮೂರು ನೆಲಕ್ಕೆ ಬಿದ್ದಿದ್ದವು. ಐದನೆಯದರ ಮೇಲಿನ ಭಾಗ ಹೋಗಿತ್ತು. ಸುತ್ತಿಗೆಯವನು ಇನ್ನೊಂದು ಏಟಿಗೆ ಕೈಯೆತ್ತಿದ್ದ. ಅವಳು ನಿಲ್ಲಿಸಿ ಎಂದಳು, ಅವನು ಅಟಿಂಗ್‌ನ ಮುಖ ನೋಡಿದ, ಅಟಿಂಗ್ ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡ.

ಜೆಕ್ಸ್ ಸ್ಯಾಂಡ್‌ವಿಚ್ಚಿನ ಕಾಗದ ಮಡಿಸುತ್ತ ಶೆಡ್ಡಿನಿಂದ ಹೊರಗೆ ಬಂದ.

"ನಾಲ್ಕು ತಪ್ಪು," ಎಂದಳು ಹೆಸ್ಟರ್. "ತಪ್ಪು ನಂದು, ಅವರದಲ್ಲ. ಐದು ಅಂತ ಆಗ್ಬೇಕು."

"ಮೇಡಮ್, ಸಂಜೆಗೆ ಇನ್ನೊಂದ್ಸಲ ಬರೋದಿದ್ರೆ ಈಗ್ಲೇ ಹೇಳ್ಬಿಡಿ, ಪುಟ ಖಾಲಿ ಬಿಟ್ಟಿರ್ತೀನಿ."

"ಬರಲ್ಲ."

ಪುಸ್ತಕದ ಸಾಲನ್ನು ಬರಿದೇ ಹೊಡೆದುಹಾಕಲು ಆಗುವುದಿಲ್ಲ, ಕಾರಣ ಬರೆಯಬೇಕು ಎಂದ. ಅವಳು ಕಾರಣ ಹೇಳಿದಳು. ಜೆಕ್ಸ್ ಕೆಸರಿನಲ್ಲಿ ನಾಲ್ಕನೆಯದರ ಹತ್ತಿರ ಹೋಗಿ, ಒಂದು ಕಲ್ಲಿನ ಕೆಳಗೆ ತನ್ನ ಹೆಬ್ಬೆರಳಿನ ಉಗುರು ತೂರಿಸಿದ. ಅಲುಗಿಸಿದ. ಕಲ್ಲು ಸಣ್ಣದಾಗಿ ಕಿರ್ರ್ ಎಂದು ಅವನ ಅಂಗೈಗೆ ಬಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ. ಐದನೆಯದರಲ್ಲಿ ಉಳಿದ ಭಾಗಕ್ಕೂ ಹೋಗಿ ಮೂರು ನಾಲ್ಕು ಕಡೆ ಪ್ರಯತ್ನಿಸಿದ, ಉಗುರು ಮುರಿಯಿತು. ಬಂದು, ಹಳೆಯ ಸಾಲಿನ ಮೇಲೆ ಗೆರೆ ಎಳೆದು ಬರೆದ. ಹೊಸ ಸಾಲಿನ ಕೆಳಗೆ ರುಜು ಹಾಕುವಾಗ ಹೆಸ್ಟರ್ ಅವನು ಬರೆದ ಕಾರಣವನ್ನು ಓದಿದಳು. ತಪ್ಪು ಯಾರದೆಂದು ಅವನು ಬರೆದಿರಲಿಲ್ಲ. ನಗರಸಭೆಗೆ ಪತ್ರ ನಾಳೆಯೇ ಹೋಗುತ್ತದೆ ಎಂದು ಮಾತ್ರ ಹೇಳಿದ.

ಆ ಪತ್ರಕ್ಕೆ ಉತ್ತರ ಏನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಮಾರ್ಚಿನಲ್ಲಿ ಬಂದಾಗ ಹಾಗೆಯೇ ಇತ್ತು. ಶ್ರೀ ಕೆರಿಸನ್ ಅವರ ದೀರ್ಘ ಸೇವೆಗೆ ಕೃತಜ್ಞತೆ, ಕೆಲಸ ಬೇರೆಯವರಿಗೆ, ಗೋಡೆಗಳು ಒಪ್ಪಂದದ ಮಾದರಿಯಂತೆ.

ಮುರಿದ ತುದಿಗೆ ನೀರು ಇಳಿಯದಂತೆ ಅಟಿಂಗ್ ಗೋಣಿತಾಟು ಕಟ್ಟುತ್ತಿದ್ದ. ಅವಳು ಉಳಿದ ಭಾಗದ ಮೇಲೆ ತನ್ನ ಅಕ್ಷರ ಬರೆದು, ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟು ಹೊರಟಳು. ಕಾರಿನ ಅವಳ ಕಡೆಯ ಬಾಗಿಲು ತೆರೆದೇ ಇತ್ತು, ಒಳಗೆಲ್ಲ ಚಳಿ. ಆಂಬ್ರೋಸ್ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

"ಇದೆಯಾ?" ಎಂದು ಕೇಳಿದ.

"ಅರ್ಧ ಇದೆ."

"ಯಾವ ಅರ್ಧ?"

"ಕೆಳಗಿಂದು."

"ಕೆಳಗಿಂದೇ ಒಳ್ಳೇದು," ಎಂದ ಅವನು. "ಸುರಿಯೋವಾಗ ನೀರೆಲ್ಲ ಮೇಲಕ್ಕೆ ಬರುತ್ತೆ. ಮೇಲಿನ ಅರ್ಧ ಯಾವಾಗ್ಲೂ ಸಡಿಲ."

ಹೆಸ್ಟರ್ ಬಾಗಿಲು ಹಾಕಿಕೊಂಡು, ಅವನ ಕೋಟಿನ ಗುಂಡಿ ಹಾಕಿ, ಕಾರು ಹೊರಡಿಸಿದಳು.